ಬಣ್ಣದ ಮಾತಿಲ್ಲದ ಬರಹ

ಕೊಳ್ಳೇಗಾಲದಿಂದ ಯಳಂದೂರಿನ ಮಾರ್ಗವಾಗಿ ಚಾಮರಾಜನಗರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ನೆಟ್ಟಿರುವ ಕಿಲೋಮೀಟರ್ ಕಲ್ಲುಗಳನ್ನು ವಾಚಕರಲ್ಲಿ ಹಲವರು ನೋಡಿರಬಹುದು. ನೋಡಿಯೂ ನೆನಪಿಟ್ಟುಕೊಳ್ಳದವರೇ ಹೆಚ್ಚು. ಅದೇ ಆ ಕಲ್ಲುಗಳ ಹಿರಿಮೆ. ತಲೆಗೆ ಹಳದಿ ಬಣ್ಣವಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಬಣ್ಣವಿದ್ದರೆ ರಾಜ್ಯ ಹೆದ್ದಾರಿ. ಬಿಳಿಯ ಮೈಮೇಲೆ ಕಪ್ಪು ಅಕ್ಷರದಲ್ಲಿ ಮುಂದಿನ ಊರಿನ ಹೆಸರು, ಅದರ ಕೆಳಗೆ ಒಂದು ಅಂಕಿ. ಬಸ್ಸಿನ ಕಿಟಕಿಯಿಂದ ಅರೆಗಣ್ಣಿನಲ್ಲಿ ನೋಡಿದರೂ ತಿಳಿಯಬೇಕಾದುದು ತಿಳಿದುಬಿಡುತ್ತದೆ. ಈ ಮೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದ ಕಾಲದಲ್ಲಿ, ನಮ್ಮ ಸೀಮೆಯ ಅತ್ಯುತ್ತಮ ಚಿತ್ರ ಯಾವುದೆಂದು ಮಕ್ಕಳು ಕೇಳಿದರೆ ನಾನು ಆ ಕಲ್ಲನ್ನೇ ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನಾನು ಹಾಸ್ಯಕ್ಕಾಗಿ ಹೇಳುತ್ತಿರಲಿಲ್ಲ. ಹೋಟೆಲಿನವರು ದಾರಿಯಲ್ಲಿ ನೆಟ್ಟ ಫಲಕಗಳಲ್ಲಿ ‘ಇನ್ನು ಎರಡೇ ನಿಮಿಷ’ ಎಂದಿರುತ್ತದೆ. ಅದು ಯಾವ ವಾಹನದ ನಿಮಿಷವೋ ಶಿವನೇ ಬಲ್ಲ. ಕಲ್ಲಾದರೋ ಯಳಂದೂರು ಇರುವುದಕ್ಕಿಂತ ಹತ್ತಿರದಲ್ಲಿದೆಯೆಂದು ಯಾರಿಗೂ ಹೇಳುವುದಿಲ್ಲ.

ಸರಳತೆಯೆಂದರೆ ಬರಿದಾಗಿರುವುದು ಎಂದು ತಿಳಿದವರಿದ್ದಾರೆ. ನನ್ನ ಮಟ್ಟಿಗೆ ಅದರ ಅರ್ಥ ಬೇರೆ. ಓದುವವನು ತನ್ನ ನಿರ್ಧಾರಕ್ಕೆ ಬೇಕಾದುದನ್ನು ಹುಡುಕಾಡದೆ ಕಾಣುವಂತೆ ಇಡುವುದೇ ಸರಳತೆ. ಕಾಣಬಾರದೆಂದು ಯಾವುದನ್ನೂ ಮೂಲೆಗೆ ತಳ್ಳದಿರುವುದೇ ಪ್ರಾಮಾಣಿಕತೆ. ಇವೆರಡೂ ಒಂದೇ ಕೆಲಸದ ಎರಡು ಮುಖಗಳು. ಇದನ್ನು ಬರೆಯುವಂತೆ ಮಾಡಿದ್ದು ನಮ್ಮ ನೆರೆಯ ನೇಕಾರ ಕುಟುಂಬವೊಂದರ ಅಂತರಜಾಲ ಪುಟ. ಆ ಪುಟಕ್ಕೆ ಬರುವ ಮುನ್ನ ಹಳೆಯ ಕಾಲದ ಬೋರ್ಡುಗಳ ಬಗ್ಗೆ ಎರಡು ಮಾತು ಹೇಳಬೇಕು; ಏಕೆಂದರೆ ಪರದೆಯ ಮೇಲೆ ಇಂದು ನಡೆಯುತ್ತಿರುವುದೆಲ್ಲ ಹಲಗೆಯ ಮೇಲೆ ಒಮ್ಮೆ ನಡೆದುಹೋದದ್ದೇ.

ವೃತ್ತಿಯ ಆರಂಭದ ವರ್ಷಗಳಲ್ಲಿ ನಾನು ಸಂಜೆಯ ಹೊತ್ತು ಕೊಳ್ಳೇಗಾಲದ ಫಲಕಕಾರರೊಬ್ಬರ ಬಳಿ ಕುಳಿತು ಅಕ್ಷರ ತಿದ್ದುತ್ತಿದ್ದೆ. ಸೀಮೆಸುಣ್ಣ ಸವರಿದ ದಾರವನ್ನು ಹಲಗೆಯ ಎರಡು ತುದಿಗೆ ಬಿಗಿಹಿಡಿದು ಮಿಡಿದರೆ ನೇರವಾದ ಗೆರೆ ಮೂಡುತ್ತದೆ. ಆ ಗೆರೆಗಳ ನಡುವೆ ಎನಾಮಲ್ ಬಣ್ಣದ ಅಕ್ಷರಗಳು. ಅವರದು ಅಕ್ಷರಕ್ಕೆ ಇಷ್ಟೆಂಬ ದರ. ಮೇಲ್ಭಾಗದಲ್ಲಿ ಬರೆಯುವ ದೇವರ ಹೆಸರಿಗೆ ಮಾತ್ರ ಹಣ ಹಿಡಿಯುತ್ತಿರಲಿಲ್ಲ. ಅಕ್ಷರಕ್ಕೆ ಬೆಲೆಯಿದ್ದುದರಿಂದ ಅಂಗಡಿಯವರು ಅನವಶ್ಯಕವಾಗಿ ಒಂದು ಪದವನ್ನೂ ಬರೆಸುತ್ತಿರಲಿಲ್ಲ. ಒಮ್ಮೆ ಸಿಹಿತಿಂಡಿಯ ಅಂಗಡಿಯವರೊಬ್ಬರು ‘ಶುದ್ಧ ತುಪ್ಪದ ತಿಂಡಿಗಳು ಸಿಗುತ್ತವೆ’ ಎಂದು ಬರೆಯಲು ಹೇಳಿದರು. ಫಲಕಕಾರರು ಕುಂಚವನ್ನು ಕೆಳಗಿಟ್ಟು, ‘ಎಲ್ಲ ತಿಂಡಿಗೂ ತುಪ್ಪವೇ?’ ಎಂದು ಕೇಳಿದರು. ಎಲ್ಲಕ್ಕೂ ಅಲ್ಲ, ಕೆಲವಕ್ಕೆ ಎಂಬ ಉತ್ತರ ಬಂತು. ಅವರು ಏನೂ ವಾದ ಮಾಡಲಿಲ್ಲ. ಕೊಂಬಿಗೊಂದು ದೀರ್ಘ ಎಳೆದು ‘ತಿಂಡಿಗಳೂ’ ಎಂದು ಮಾಡಿದರು. ಆ ದೀರ್ಘಕ್ಕೆ ಅವರು ಹಣ ಕೇಳಲಿಲ್ಲ. ಅಂಗಡಿಯವರು ಒಂದು ಕ್ಷಣ ನೋಡಿ ನಕ್ಕು ಒಪ್ಪಿಕೊಂಡರು.

ಫ್ಲೆಕ್ಸ್ ಬಂದ ಮೇಲೆ ಲೆಕ್ಕ ತಿರುಗಿತು. ಈಗ ಬೆಲೆ ಅಕ್ಷರಕ್ಕಲ್ಲ, ಚದರಡಿಗೆ. ಅಂದ ಮೇಲೆ ಜಾಗವನ್ನು ಖಾಲಿ ಬಿಟ್ಟರೆ ನಷ್ಟವೆಂಬ ಭಾವನೆ. ಶುಭಾಶಯ ಕೋರುವವರ ಮುಖಗಳು, ಕೋರಿಸಿಕೊಳ್ಳುವವರ ಮುಖಗಳು, ನಡುವೆ ಹೂವಿನ ಚಿತ್ತಾರ, ಅದರ ಮೇಲೆ ನಾಲ್ಕು ಬಣ್ಣದ ನೆರಳುಳ್ಳ ಅಕ್ಷರ. ಸಮಾರಂಭ ಯಾವ ದಿನವೆಂಬುದನ್ನು ಮಾತ್ರ ಹುಡುಕಬೇಕು. ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನೂ ಸೇರಿಸಿತು. ನಿಷೇಧದ ನಂತರವೂ ಅವು ನಮ್ಮ ವೃತ್ತಗಳಲ್ಲಿ ಕಾಣುತ್ತಲೇ ಇವೆ. ನನಗೆ ಅದಕ್ಕಿಂತ ಹೆಚ್ಚಿನ ವ್ಯಥೆ ಒಡೆದ ಒತ್ತಕ್ಷರಗಳದ್ದು. ನುಡಿ ಮೊದಲಾದ ತಂತ್ರಾಂಶಗಳಲ್ಲಿ ಹಳೆಯ ಸಂಕೇತಗಳಲ್ಲಿ ಟೈಪು ಮಾಡಿದ್ದನ್ನು ಚಿತ್ರ ತಯಾರಿಸುವ ಬೇರೊಂದು ತಂತ್ರಾಂಶಕ್ಕೆ ಅಂಟಿಸಿದಾಗ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಬೀಳುವುದುಂಟು. ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಶಾಸನವಾಯಿತು, ಸ್ವಾಗತಾರ್ಹ. ಆದರೆ ಶಾಸನ ಕನ್ನಡದ ಅಳತೆಯನ್ನು ಹಿಡಿಯಬಲ್ಲದು, ಒತ್ತಕ್ಷರದ ಆರೋಗ್ಯವನ್ನಲ್ಲ.

ನಮ್ಮ ಮನೆಗಳ ಲಗ್ನಪತ್ರಿಕೆಗಳ ವಿಷಯವನ್ನು ವಿಸ್ತರಿಸುವುದಿಲ್ಲ. ‘ಆಗಮನಾಭಿಲಾಷಿಗಳ’ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟರೆ ಆಗುವ ಗದ್ದಲ ಯಾರಿಗೆ ತಿಳಿಯದು? ಮುಹೂರ್ತ, ಸ್ಥಳ, ಬಸ್ಸಿನಿಂದ ಇಳಿಯಬೇಕಾದ ನಿಲ್ದಾಣ ಇವು ಮೂರು ದಪ್ಪ ಅಕ್ಷರದಲ್ಲಿದ್ದರೆ ಬಂಧುಗಳು ಹೇಗೋ ತಲುಪುತ್ತಾರೆ ಎಂದಷ್ಟೇ ಹೇಳುವೆ.

ಇಷ್ಟನ್ನು ಓದಿ ನಾನು ಅಲಂಕಾರದ ವಿರೋಧಿಯೆಂದು ಯಾರೂ ಭಾವಿಸಬಾರದು. ಯಳಂದೂರಿನಲ್ಲಿ ವಾಸವಿದ್ದವನು ಅಲಂಕಾರವನ್ನು ದ್ವೇಷಿಸುವುದು ಸಾಧ್ಯವೇ ಇಲ್ಲ. ಗೌರೀಶ್ವರ ದೇವಾಲಯದ ಮುಂದಿನ ಬಳೆ ಮಂಟಪವನ್ನು ಕಂಡವರಿಗೆ ಈ ಮಾತು ಅರ್ಥವಾಗುತ್ತದೆ. ಕಲ್ಲಿನಲ್ಲಿ ಬಳೆ ಕಡೆದು, ಬಳೆಗೆ ಬಳೆ ಕೋದು ಸರಪಳಿ ಮಾಡಿ ಇಳಿಬಿಟ್ಟಿದ್ದಾರೆ. ಅಲ್ಲಿ ಶಿಲ್ಪಿಯ ಕೈಚಳಕವೇ ಎದ್ದು ಕಾಣುತ್ತದೆ. ಆದರೆ ಆ ಬಳೆ ತಾನು ಕಲ್ಲೆಂಬುದನ್ನು ಮರೆಮಾಚುವುದಿಲ್ಲ. ಕಲ್ಲೆಂದು ತಿಳಿದಾಗಲೇ ನಮಗೆ ಬೆರಗು. ಅದನ್ನೇ ಸಿಮೆಂಟಿನಲ್ಲಿ ಅಚ್ಚು ಹಾಕಿ, ಬಣ್ಣ ಬಳಿದು, ಕಲ್ಲೆಂದು ತೋರಿಸಿದ್ದರೆ ಅದು ಬೇರೆಯೇ ಸಂಗತಿಯಾಗುತ್ತಿತ್ತು.

ಸಾಹಿತ್ಯದಲ್ಲಿಯೂ ಆ ಊರಿಗೆ ಎರಡೂ ಬಗೆಯ ಸಂಪತ್ತಿದೆ. ‘ರಾಜಶೇಖರ ವಿಳಾಸ’, ‘ವೃಷಭೇಂದ್ರ ವಿಜಯ’ಗಳನ್ನು ರಚಿಸಿದ ಷಡಕ್ಷರದೇವ ಯಳಂದೂರಿನ ಮಠದಲ್ಲಿದ್ದವನು. ಹದಿನೇಳನೆಯ ಶತಮಾನದಲ್ಲಿ, ಚಂಪೂ ಹಿಂದೆ ಸರಿದಿದ್ದ ಕಾಲದಲ್ಲಿ, ಅದನ್ನು ಅಷ್ಟು ವೈಭವದಿಂದ ಮತ್ತೆ ಎತ್ತಿ ನಿಲ್ಲಿಸಿದ ಕವಿ. ಅದೇ ಶತಮಾನದಲ್ಲಿ ಅದೇ ಯಳಂದೂರಿನ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದುಕೊಂಡು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ, ಮನೆಯ ಹೆಣ್ಣುಮಕ್ಕಳು ಹಾಡಿಕೊಳ್ಳುವಂತಹ ನುಡಿಯಲ್ಲಿ ಬರೆದಳು. ಒಬ್ಬನದು ಜರಿಯಂಚಿನ ಪಟ್ಟೆ, ಇನ್ನೊಬ್ಬಳದು ಮಡಿಯಾದ ನೂಲು. ಎರಡರಲ್ಲಿಯೂ ಮೋಸವಿಲ್ಲ. ಆದುದರಿಂದ ಪ್ರಶ್ನೆ ಅಲಂಕಾರ ಬೇಕೇ ಬೇಡವೇ ಎಂಬುದಲ್ಲ. ಆ ಅಲಂಕಾರ ಏನನ್ನಾದರೂ ಮುಚ್ಚಲು ಬಂದಿದೆಯೇ ಎಂಬುದು.

ಮೊಬೈಲಿನ ಪರದೆಯ ಮೇಲೆ ಈ ಪ್ರಶ್ನೆ ತೀಕ್ಷ್ಣವಾಗಿದೆ. ಹಲಗೆಯ ಮೇಲಿನ ಸುಳ್ಳು ಎಲ್ಲರಿಗೂ ಒಂದೇ ರೀತಿ ಕಾಣುತ್ತದೆ, ಬೀದಿಯಲ್ಲಿ ನಿಂತು ಜಗಳವಾಡಬಹುದು. ಪರದೆಯ ಮೇಲಿನ ಸುಳ್ಳು ಒಬ್ಬೊಬ್ಬರ ಅಂಗೈಯಲ್ಲಿ ಒಂಟಿಯಾಗಿ ನಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿಗೆ ಬಸ್ಸಿನ ಆಸನ ಕಾದಿರಿಸಲು ನಾನು ಖಾಸಗಿ ಜಾಲತಾಣವೊಂದನ್ನು ತೆರೆದೆ. ಟಿಕೆಟಿನ ಬೆಲೆ ಒಂದು ಕಂಡಿತು. ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಅದು ಬೆಳೆದಿತ್ತು. ನೋಡಿದರೆ, ನಾನು ಕೇಳದ ಪ್ರಯಾಣ ವಿಮೆಯ ಮುಂದೆ ಯಾರೋ ಆಗಲೇ ಗುರುತು ಹಾಕಿಟ್ಟಿದ್ದರು. ಅದನ್ನು ತೆಗೆಯಲು ಹೋದರೆ ದೊಡ್ಡ ಹಸಿರು ಗುಂಡಿಯಲ್ಲಿ ‘ನನ್ನ ಕುಟುಂಬದ ಸುರಕ್ಷತೆ ನನಗೆ ಮುಖ್ಯ’ ಎಂದಿತ್ತು. ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಬೇಡ, ಅಪಾಯವನ್ನು ಎದುರಿಸುತ್ತೇನೆ’ ಎಂದು. ಅಕ್ಷರದ ಗಾತ್ರ, ಬಣ್ಣ, ಸ್ಥಾನಗಳನ್ನು ಮಕ್ಕಳಿಗೆ ಜೀವನವಿಡೀ ಕಲಿಸಿದವನಿಗೆ ಆ ಪುಟದ ಕುಶಲತೆ ಕಂಡು ಮೆಚ್ಚುಗೆಯೂ ಆಯಿತು, ಮೈಯೂ ಉರಿಯಿತು. ನಾನು ಬೂದು ಅಕ್ಷರವನ್ನೇ ಒತ್ತಿದೆ. ಕಣ್ಣು ಮಂಜಾದ ನನ್ನ ಅಕ್ಕನಾಗಿದ್ದರೆ ಆ ಬೂದು ಸಾಲು ಅಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ.

ಇಂತಹ ಯುಕ್ತಿಗಳಿಗೆ ಇಂಗ್ಲೆಂಡಿನ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕಾರ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟ. ನಾವು ಕತ್ತಲೆಯ ವಿನ್ಯಾಸ ಎನ್ನಬಹುದು. ನಮ್ಮ ದೇಶದಲ್ಲಿ 2020ರ ಇ-ಕಾಮರ್ಸ್ ನಿಯಮಗಳು ಗ್ರಾಹಕನ ಒಪ್ಪಿಗೆಯನ್ನು ಮೊದಲೇ ಗುರುತು ಹಾಕಿದ ಚೌಕಗಳ ಮೂಲಕ ಪಡೆಯಬಾರದೆಂದು ಹೇಳಿದವು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನೇ ಹೊರಡಿಸಿ ಇಂತಹ 13 ಯುಕ್ತಿಗಳನ್ನು ಹೆಸರಿಸಿತು: ಇಲ್ಲದ ಅವಸರವನ್ನು ಹುಟ್ಟಿಸುವುದು, ಕೇಳದ್ದನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದವರನ್ನು ನಾಚಿಸುವುದು, ಬೆಲೆಯನ್ನು ಹನಿಹನಿಯಾಗಿ ಏರಿಸುತ್ತ ಹೋಗುವುದು, ಚಂದಾ ಕಟ್ಟುವುದನ್ನು ಸುಲಭ ಮಾಡಿ ನಿಲ್ಲಿಸುವುದನ್ನು ದುರ್ಗಮ ಮಾಡುವುದು ಇತ್ಯಾದಿ. ಓದುತ್ತ ಹೋದಂತೆ ನನಗೆ ಸಂತೆಯ ನೆನಪಾಯಿತು. ಇವುಗಳಲ್ಲಿ ಸಂತೆಗೆ ಹೊಸದು ಯಾವುದೂ ಇಲ್ಲ. ಸಂತೆಯಲ್ಲಿ ಮಾತ್ರ ಮಾರುವವನ ಮುಖ ಕಾಣುತ್ತಿತ್ತು.

ಈಗ ನೇಕಾರರ ಪುಟದ ವಿಷಯ. ಕೊಳ್ಳೇಗಾಲದ ರೇಷ್ಮೆಗೆ ಹೆಸರಿದೆ. ಹೆಸರಿದ್ದೆಡೆ ಹೆಸರಿನ ದುರುಪಯೋಗವೂ ಇದೆ. ನಮ್ಮ ನೆರೆಯ ಆ ಮನೆಯಲ್ಲಿ ತಂದೆ ಕೈಮಗ್ಗದ ಮೇಲೆ ಕುಳಿತವರು, ಮಗ ಓದಿದವನು. ಮಗ ಹೊಸ ಜಕಾರ್ಡಿಗಾಗಿ ಸಾಲ ಮಾಡಿದ್ದ. ಕಂತು ತಿಂಗಳಿಗೊಮ್ಮೆ ಬರುತ್ತದೆ, ವ್ಯಾಪಾರಿ ಹಣ ಕೊಡುವುದು ಯಾವಾಗಲೋ. ನೇರವಾಗಿ ಗ್ರಾಹಕರಿಗೆ ಮಾರಿದರೆ ಉಳಿದುಕೊಳ್ಳಬಹುದೆಂದು ಅವನ ಲೆಕ್ಕ. ಬೆಂಗಳೂರಿನಲ್ಲಿ ಜಾಲತಾಣಗಳ ವಿನ್ಯಾಸ ಮಾಡುವ ನನ್ನ ತಂಗಿಯ ಮೊಮ್ಮಗಳು ರಜೆಗೆ ಬಂದಿದ್ದವಳು ಪುಟ ಮಾಡಿಕೊಡಲು ಒಪ್ಪಿದಳು. ಜಗಲಿಯ ಮೇಲೆ ಮೂರು ಸಂಜೆ ಚರ್ಚೆಯಾಯಿತು, ನಾನು ಸಾಕ್ಷಿ.

ಮಗನ ಬಳಿ ಬೇರೆ ಪುಟಗಳ ಮಾದರಿಗಳಿದ್ದವು. 16,000 ರೂಪಾಯಿ ಎಂದು ಬರೆದು ಹೊಡೆದುಹಾಕಿ ಕೆಳಗೆ 9,000 ಎಂದು ಹಾಕಬೇಕು. ಕೆಂಪು ಗಡಿಯಾರವೊಂದು ಹಿಮ್ಮುಖವಾಗಿ ಓಡುತ್ತಿರಬೇಕು. ‘ಈಗ 23 ಮಂದಿ ಇದನ್ನು ನೋಡುತ್ತಿದ್ದಾರೆ’ ಎಂದು ಬರಬೇಕು. ತಂದೆ ಕೇಳಿದರು: ‘ಈ ಸೀರೆಯನ್ನು ನಾವು ಎಂದಾದರೂ ಹದಿನಾರು ಸಾವಿರಕ್ಕೆ ಮಾರಿದ್ದೇವೆಯೇ?’ ಇಲ್ಲ. ‘ಹಾಗಾದರೆ ಹೊಡೆದುಹಾಕಲು ಅಲ್ಲೇನಿದೆ?’ ಮಗನಿಗೆ ಸಿಟ್ಟು ಬಂತು. ಕಂತು ಕಟ್ಟುವವನು ತಾನು, ಎಲ್ಲರೂ ಹೀಗೆಯೇ ಮಾಡುತ್ತಿರುವಾಗ ನಾವೊಬ್ಬರು ಹರಿಶ್ಚಂದ್ರರಾಗಿ ಬೀದಿಗೆ ಬರಬೇಕೇ ಎಂದ. ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಪ್ರಾಮಾಣಿಕತೆಯ ಉಪದೇಶ ಮಾಡುವವರು ಸಾಲದ ಕಂತನ್ನೂ ಒಮ್ಮೆ ಲೆಕ್ಕ ಹಾಕಬೇಕು.

ಜರಿಯ ವಿಷಯ ಬಂದಾಗ ಚರ್ಚೆ ಇನ್ನೂ ಬಿಗಿಯಾಯಿತು. ಅಪ್ಪಟ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ಸೀರೆಗಳ ಜರಿಯಲ್ಲಿ ಶೇಕಡ 65 ಬೆಳ್ಳಿ, ಶೇಕಡ 0.65 ಚಿನ್ನ ಎಂಬುದು ಪ್ರಸಿದ್ಧ. ಅದಕ್ಕಿಂತ ಅಗ್ಗದ ಜರಿಯಲ್ಲಿ ಬೆಳ್ಳಿಯ ಬದಲು ತಾಮ್ರದ ತಂತಿ, ಅದರ ಮೇಲೆ ಬೆಳ್ಳಿಯ ತೆಳುವಾದ ಲೇಪ. ಹೊಸದರಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ವರ್ಷಗಳು ಕಳೆದಂತೆ ಎರಡನೆಯದು ಕಪ್ಪಾಗುತ್ತದೆ. ಈ ಮನೆಯಲ್ಲಿ ಹೆಚ್ಚಾಗಿ ನೇಯುತ್ತಿದ್ದುದು ಎರಡನೆಯ ಬಗೆಯದು. ರೇಷ್ಮೆಯೇನೋ ಶುದ್ಧ, ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿಯನ್ನು ಹಚ್ಚಬಹುದಾದಷ್ಟು ಶುದ್ಧ. ಎಳೆಯೊಂದನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಆದರೆ ಆ ಚೀಟಿ ಸಾಕ್ಷಿ ಹೇಳುವುದು ರೇಷ್ಮೆಯ ಪರವಾಗಿ, ಜರಿಯ ಪರವಾಗಿ ಅಲ್ಲ. ಚೀಟಿಯ ಚಿತ್ರವನ್ನು ದೊಡ್ಡದಾಗಿ ಹಾಕಿ ಜರಿಯ ಬಗ್ಗೆ ಸುಮ್ಮನಿದ್ದುಬಿಡೋಣ, ಸುಳ್ಳನ್ನಂತೂ ಹೇಳಿದಂತಾಗುವುದಿಲ್ಲ ಎಂದು ಮಗನ ಸಲಹೆ. ಅವನ ಸಲಹೆಯಲ್ಲಿ ಒಂದೇ ಒಂದು ಸುಳ್ಳು ಪದ ಇರಲಿಲ್ಲ. ವಿನ್ಯಾಸದ ಅಪ್ರಾಮಾಣಿಕತೆ ಸಾಮಾನ್ಯವಾಗಿ ಇರುವುದೇ ಹೀಗೆ: ಎಲ್ಲ ಪದಗಳೂ ನಿಜ, ಅವುಗಳನ್ನು ಇಟ್ಟ ಜಾಗ ಮಾತ್ರ ಸುಳ್ಳು.

ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಮದುವೆಗೆ ಉಟ್ಟ ಸೀರೆ ಮಗಳ ಮದುವೆಯ ಹೊತ್ತಿಗೆ ಕಪ್ಪಾದಾಗ ಆಕೆಗೆ ನಿನ್ನ ಪುಟ ಎಲ್ಲಿ ಸಿಗುತ್ತದೆ? ಕೊಳ್ಳೇಗಾಲ ಎಂಬ ಹೆಸರು ಮಾತ್ರ ಸಿಗುತ್ತದೆ’ ಎಂದರು. ಹುಡುಗಿ ಅದನ್ನೇ ಹಿಡಿದುಕೊಂಡು ಬೆಲೆಯ ಪಕ್ಕದಲ್ಲಿ, ಬೆಲೆಯಷ್ಟೇ ಗಾತ್ರದ ಅಕ್ಷರದಲ್ಲಿ ಬರೆದಳು: ‘ರೇಷ್ಮೆ ಶುದ್ಧ. ಜರಿ ತಾಮ್ರದ ತಂತಿಗೆ ಬೆಳ್ಳಿಯ ಲೇಪದ್ದು. ಬಹುಕಾಲದ ನಂತರ ಬಣ್ಣ ಕುಂದಬಹುದು. ಬೆಳ್ಳಿಯ ಜರಿಯಲ್ಲಿ ಬೇಕಾದರೆ ನೇಯ್ದು ಕೊಡುತ್ತೇವೆ, ಬೆಲೆ ಬೇರೆ.’ ಈ ಕೊನೆಯ ವಾಕ್ಯ ಮಗನ ಸೇರ್ಪಡೆ. ವ್ಯಾಪಾರ ಬಲ್ಲವನ ಸೇರ್ಪಡೆ, ನನಗೆ ಮೆಚ್ಚುಗೆಯಾಯಿತು.

‘ಒಂದೇ ಉಳಿದಿದೆ’ ಎಂಬ ಸಾಲಿನ ಬಗ್ಗೆ ಸ್ವಾರಸ್ಯವಾದ ಸಂಗತಿ ನಡೆಯಿತು. ಹುಡುಗಿ ಅದನ್ನು ತೆಗೆಯಲು ಹೊರಟಾಗ ಮಗ, ‘ಆದರೆ ಅದು ನಿಜವಲ್ಲವೇ?’ ಎಂದ. ನಿಜವೇ. ಕೈಮಗ್ಗದಲ್ಲಿ ಆ ಬಣ್ಣದ, ಆ ಬುಟ್ಟಾದ ಸೀರೆ ಇದ್ದುದು ಒಂದೇ. ದೊಡ್ಡ ಮಳಿಗೆಗಳು ಸುಳ್ಳಾಗಿ ಹೇಳುವ ಮಾತು ಇಲ್ಲಿ ಅಕ್ಷರಶಃ ಸತ್ಯ. ಸುಳ್ಳುಗಾರರು ಬಳಸಿ ಬಳಸಿ ಸತ್ಯವಂತರ ಪಾಲಿಗೆ ಕೆಲವು ಮಾತುಗಳನ್ನು ಹಾಳು ಮಾಡಿಬಿಟ್ಟಿದ್ದಾರೆ ಎಂದು ನನಗೆ ಅಂದು ಅನ್ನಿಸಿತು. ಕಡೆಗೆ ಕೆಂಪು ಬಣ್ಣವಿಲ್ಲದೆ, ಗಡಿಯಾರವಿಲ್ಲದೆ, ‘ಇದು ಒಂದೇ ಇದೆ. ಇಂತಹದೇ ಮತ್ತೊಂದು ಬೇಕಾದರೆ ನೇಯಲು ಸಮಯ ಬೇಕು’ ಎಂದು ಬರೆದರು.

ಚಿತ್ರಗಳಿಗೆ ಇಡೀ ಒಂದು ಸಂಜೆ ಹಿಡಿಯಿತು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿರುವ ಸೀರೆ ನೋಡುವ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ. ಮೊಬೈಲಿನ ಕ್ಯಾಮೆರಾ ತನ್ನ ಕಡೆಯಿಂದಲೂ ಒಂದಿಷ್ಟು ಹೊಳಪು ಸೇರಿಸುತ್ತದೆ. ಆದುದರಿಂದ ಜಗಲಿಯ ನೆರಳಿನಲ್ಲಿ ಒಂದು, ಅಂಗಳದ ಬಿಸಿಲಿನಲ್ಲಿ ಒಂದು ಎಂದು ಪ್ರತಿ ಸೀರೆಗೂ ಎರಡು ಚಿತ್ರ. ಅಂಚಿನ ಅಗಲ ತಿಳಿಯಲೆಂದು ತಂದೆಯ ಕೈಯನ್ನು ಅಂಚಿನ ಪಕ್ಕದಲ್ಲಿಡಿಸಿ ತೆಗೆದರು. ಮಗ್ಗದ ಕೆಲಸದಿಂದ ಗಂಟುಗಟ್ಟಿದ ಆ ಬೆರಳುಗಳ ಚಿತ್ರಕ್ಕಿಂತ ಚೆನ್ನಾದ ಜಾಹೀರಾತನ್ನು ನಾನು ಕಂಡಿಲ್ಲ. ಅದನ್ನು ಅವರು ಜಾಹೀರಾತೆಂದು ತೆಗೆಯಲಿಲ್ಲ.

ಪುಟವನ್ನು ಹಗುರವಾಗಿ ಇಡಬೇಕೆಂದು ಹುಡುಗಿ ಹಟ ಹಿಡಿದುದಕ್ಕೆ ಬೇರೆ ಕಾರಣವಿತ್ತು. ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೋದಂತೆ ಮೊಬೈಲಿನ ಸಂಕೇತ ಸೊರಗುತ್ತದೆ. ಅಂತಹ ಕಡೆ ಭಾರವಾದ ಪುಟ ತೆರೆಯುವಷ್ಟರಲ್ಲಿ ನೋಡುವವರ ತಾಳ್ಮೆಯೂ ಡೇಟಾವೂ ಮುಗಿದಿರುತ್ತವೆ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಪ್ರಕಟಿಸಿದ ಜಗತ್ತಿನ ಮೊದಲ ಜಾಲತಾಣದಲ್ಲಿ ಬರಹ ಮತ್ತು ಕೊಂಡಿಗಳ ಹೊರತು ಬೇರೇನೂ ಇರಲಿಲ್ಲವೆಂದು ಅವಳು ಹೇಳಿದಳು. ನಾನು ಸೇರಿಸಿದ್ದು ಒಂದೇ ಸಲಹೆ. ಇಂಗ್ಲಿಷಿಗಾಗಿ ಅಳತೆ ಮಾಡಿದ ಪುಟದಲ್ಲಿ ಕನ್ನಡವನ್ನು ತುಂಬಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಮ್ಮ ಲಿಪಿಗೆ ಸಾಲುಗಳ ನಡುವೆ ಹೆಚ್ಚು ಉಸಿರು ಬೇಕು. ಅವಳು ಒಪ್ಪಿ ಅಂತರ ಹೆಚ್ಚಿಸಿದಳು. ಫಲಕಕಾರರ ಸುಣ್ಣದ ದಾರ ಅಷ್ಟರ ಮಟ್ಟಿಗೆ ಪರದೆಯ ಮೇಲೂ ಕೆಲಸಕ್ಕೆ ಬಂತು.

ಫಲವೇನಾಯಿತೆಂದು ವಾಚಕರು ಕೇಳಬಹುದು. ಅದ್ಭುತವೇನೂ ಆಗಲಿಲ್ಲ. ಮೊದಲ 3 ತಿಂಗಳಲ್ಲಿ 4 ಸೀರೆಗಳು ಹೋದವು. ‘ರಿಯಾಯಿತಿ ಎಷ್ಟು?’ ಎಂದು ಕೇಳಿ, ಇಲ್ಲವೆಂದಾಗ ಫೋನು ಇಟ್ಟವರು ಅದಕ್ಕಿಂತ ಹೆಚ್ಚು. ಬೆಳ್ಳಿಯ ಜರಿಯಲ್ಲಿ ನೇಯ್ದು ಕೊಡಲು ಎರಡು ಮನೆಯವರು ಮುಂಗಡ ಕೊಟ್ಟರು. ಆ ವರ್ಷದ ಕಂತಿಗೆ ಅದು ಆಧಾರವಾಯಿತು. ಮಗ ಪೂರ್ತಿ ಒಪ್ಪಿದ್ದಾನೆಂದು ಹೇಳಲಾರೆ. ವ್ಯಾಪಾರಿಗೆ ಹಾಕುವುದನ್ನು ಅವನು ಬಿಟ್ಟಿಲ್ಲ.

ಈಚೆಗೆ ಗ್ರಾಹಕರ ಅಭಿಪ್ರಾಯಕ್ಕೆ ಪುಟದಲ್ಲಿ ಜಾಗ ಮಾಡಿದ್ದಾರೆ. ಕಟ್ಟುಕಥೆಯ ಅಭಿಪ್ರಾಯಗಳ ಹಾವಳಿ ತಡೆಯಲು ಭಾರತೀಯ ಮಾನಕ ಬ್ಯೂರೋ 2022ರಲ್ಲಿಯೇ ಒಂದು ಮಾನಕವನ್ನು ಹೊರತಂದಿದೆ. ಅದನ್ನು ಪಾಲಿಸುವುದು ಸ್ವಯಂಪ್ರೇರಣೆಗೆ ಬಿಟ್ಟದ್ದು. ಇವರ ಪುಟಕ್ಕೆ ಬಂದ ಅಭಿಪ್ರಾಯಗಳಲ್ಲೊಂದು, ಅಂಚು ತಾನು ಎಣಿಸಿದ್ದಕ್ಕಿಂತ ಕಿರಿದಾಗಿದೆ ಎಂಬ ಗೃಹಿಣಿಯೊಬ್ಬರ ದೂರು. ಅದನ್ನು ತೆಗೆದುಹಾಕುವ ಗುಂಡಿ ಮಗನ ಕೈಯಲ್ಲಿದೆ. ಎರಡು ದಿನ ಮನೆಯಲ್ಲಿ ಅದೇ ಮಾತು ನಡೆಯಿತಂತೆ. ನಿನ್ನೆ ಪುಟವನ್ನು ತೆರೆದು ನೋಡಿದೆ. ದೂರು ಇದ್ದಲ್ಲಿಯೇ ಇದೆ; ಅದರ ಕೆಳಗೆ, ‘ಅಂಚು ಎರಡು ಬೆರಳಿನಗಲ. ಎಲ್ಲ ಸೀರೆಗಳಿಗೂ ಅಳತೆಯನ್ನು ಬರೆಯುತ್ತಿದ್ದೇವೆ’ ಎಂದು ಮಗನೇ ಉತ್ತರ ಬರೆದಿದ್ದಾನೆ. ಐದು ಸೀರೆಗಳಿಗೆ ಅಳತೆ ಬರೆದು ಮುಗಿದಿತ್ತು, ಉಳಿದವು ಬಾಕಿಯಿದ್ದವು.